ಗಡ್ಡದ ಮೇಲೆ ಗುಮಾನಿ

ಮೇಷ್ಟ್ರು ಲ್ಯಾಬಿಗೆ ಬರುವ ಮೊದಲು ಅವರ ಗಡ್ಡ ಬರುತ್ತಿತ್ತು. ಬೆಳ್ಳಗೆ, ಎದೆಯವರೆಗೆ ಇಳಿದು, ತುದಿಯಲ್ಲಿ ತುಸು ಒಳಕ್ಕೆ ಸುರುಳಿಗೊಂಡ ಗಡ್ಡ ಅದು. ಅದನ್ನು ನೀವುತ್ತ ಅವರು ಹರಳಿನ ಮೇಜಿನ ಬಳಿ ನಿಂತು "ಏನಮ್ಮ ಚುಕ್ಕಿ, ಏನಂತೆ ನಿನ್ನ ಹನಿ?" ಅಂದರೆ ಸಾಕು, ಬೆಳಗಿನಿಂದ ಮುನಿಸಿಕೊಂಡು ಕೂತಿದ್ದ ದ್ರಾವಣ ಸ್ವಲ್ಪ ಹೊತ್ತಿಗೆಲ್ಲ ಹರಳುಗಟ್ಟುತ್ತಿತ್ತು. ಮೇಷ್ಟ್ರ ಕೈಗುಣ ಎಂದು ಎಲ್ಲರೂ ಹೇಳುತ್ತಿದ್ದರು. "ಅಯ್ಯೋ, ನಂದೇನಿದೆ ಅದರಲ್ಲಿ" ಎಂದು ಮೇಷ್ಟ್ರು ತಳ್ಳಿಹಾಕುತ್ತಿದ್ದರು. ಆದರೆ ಹಾಗೆನ್ನುವಾಗ ಗಡ್ಡವನ್ನು ಎರಡು ಸಲ ಹೆಚ್ಚಿಗೆ ನೀವಿಕೊಳ್ಳುತ್ತಿದ್ದರು.

ಚುಕ್ಕಿ ಅವರ ಕೈಕೆಳಗಿನ ಸಂಶೋಧಕಿ. ಲೇಸರ್ ಕಿರಣವನ್ನು ಮಸೂರದಲ್ಲಿ ಹಿಂಡಿ ಕೂದಲೆಳೆಗಿಂತ ಸಣ್ಣ ಚುಕ್ಕಿಗೆ ತಂದು ನಿಲ್ಲಿಸುವುದರಲ್ಲಿ ಅವಳದು ಎತ್ತಿದ ಕೈ. ಹೆಸರು ಬಂದದ್ದು ಹಾಗೆ. ದೂರದಿಂದ ನೋಡುವವರಿಗೆ ಮಾತ್ರ ಅವಳ ಗುರುತು ಜಡೆ. ಸೊಂಟ ದಾಟಿದ, ಹಿಡಿದರೆ ಹಿಡಿ ತುಂಬುವ ಜಡೆ. ದಿನಾ ಬೆಳಗ್ಗೆ ಅಮ್ಮ ಅದಕ್ಕೆ ಎಣ್ಣೆ ತಿಕ್ಕಿ, ಬಿಗಿಯಾಗಿ ಹೆಣೆದು, ಮಗಳ ಬೆನ್ನಿಗೊಂದು ಹಗುರ ಗುದ್ದು ಕೊಟ್ಟು "ಹೂಂ, ಹೊರಡು" ಅಂದ ಮೇಲೆಯೇ ಅವಳ ದಿನ ಶುರುವಾಗುತ್ತಿತ್ತು.

ಅವಳ ಕೆಲಸ ಹೇಳುವುದಕ್ಕೇನೋ ಸುಲಭ. ಒಂದು ಬಿಳಿ ಪುಡಿಯನ್ನು ಬಿಸಿ ದ್ರವದಲ್ಲಿ ಅಳತೆ ಮೀರಿ ಕರಗಿಸಬೇಕು. ಆರಿದ ಮೇಲೆ ಆ ದ್ರಾವಣ ಹೊಟ್ಟೆ ಬಿರಿಯ ಉಂಡವರ ಹಾಗೆ ಒದ್ದಾಡುತ್ತಿರುತ್ತದೆ. ಹರಳಾಗಲು ಆಸೆಯಿದೆ, ಆದರೆ ಮೊದಲು ನಿಲ್ಲುವವರು ಯಾರು ಎಂದು ತೀರ್ಮಾನವಾಗದೆ ಕಣಗಳೆಲ್ಲ ಸುಮ್ಮನೆ ಅಲೆಯುತ್ತಿರುತ್ತವೆ. ಅದರ ಒಂದು ಹನಿಯನ್ನು ಗಾಜಿನ ಚೂರಿನ ಮೇಲೆ ತೆರೆದೇ ಇಟ್ಟು, ಕೆಳಗಿನಿಂದ ಲೇಸರ್ ಬಿಟ್ಟು, ಹನಿಯ ನೆತ್ತಿಯಲ್ಲಿ ಬೆಳಕನ್ನು ಒಂದೇ ಚುಕ್ಕಿಯಾಗಿ ನಿಲ್ಲಿಸಬೇಕು. ಬೀದಿಯಲ್ಲಿ ಒಬ್ಬರು ಆಕಾಶ ನೋಡುತ್ತ ನಿಂತರೆ ಸುತ್ತ ಜನ ಸೇರುವುದಿಲ್ಲವೇ, ಹಾಗೆ ಆ ಚುಕ್ಕಿಯ ಸುತ್ತ ಕಣಗಳು ಗುಂಪುಗಟ್ಟುತ್ತವೆ. ಗುಂಪು ಸಾಲಾಗುತ್ತದೆ, ಸಾಲು ಹರಳಾಗುತ್ತದೆ. ಅಂದರೆ ಹರಳನ್ನು ಬೇಕೆಂದಲ್ಲಿಗೆ, ಬೇಕೆಂದಾಗ ಕರೆಯಬಹುದು, ಅದು ಹುಟ್ಟುವ ಗಳಿಗೆಯನ್ನು ಕಣ್ಣಾರೆ ನೋಡಬಹುದು. ಸಂಸ್ಥೆಯ ಹಿರಿಯರ ಸಭೆಯಲ್ಲಿ ಚುಕ್ಕಿ ಹೀಗೆಂದು ಎದೆ ತಟ್ಟಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದಳು.

ಚಪ್ಪಾಳೆ ನಿಂತ ಮೇಲೆ ಹಿಂದಿನ ಸಾಲಿನಿಂದ ಹಿರಿಯರೊಬ್ಬರು ಕೇಳಿದ್ದರು: "ಬೆಳಕು ಬಿಡದೇ ಇದ್ರೆ ಹರಳು ಬರಲ್ಲ ಅಂತ ನೋಡಿದೀಯೇನಮ್ಮ?"

ನೋಡಿರಲಿಲ್ಲ. ಹರಳು ಬಂದ ಸಂಭ್ರಮದಲ್ಲಿ ಅದು ಹೊಳೆದೇ ಇರಲಿಲ್ಲ. ಚುಕ್ಕಿ ಇಂಗು ತಿಂದ ಮಂಗನಂತೆ ನಿಂತಳು. ಸಭೆ ಒಂದು ಮಾತು ಹೇಳಿ ಎದ್ದಿತು: ಒಂದೇ ಸೀಸೆಯ ಎರಡು ಹನಿ ಇಡು. ಒಂದಕ್ಕೆ ಬೆಳಕು, ಇನ್ನೊಂದಕ್ಕೆ ಕತ್ತಲು. ಬೆಳಕಿನ ಹನಿ ಹರಳಾಗಲಿ, ಕತ್ತಲ ಹನಿ ತಿಳಿಯಾಗಿಯೇ ಇರಲಿ. ಮುಂದಿನ ಸಭೆಯೊಳಗೆ ಇದನ್ನು ತೋರಿಸದಿದ್ದರೆ ಲೇಸರ್ ಪಕ್ಕದ ಕೋಣೆಗೆ ಹೋಗುತ್ತದೆ. ಪಕ್ಕದ ಕೋಣೆಯ ಸಂಶೋಧಕ ಮರುದಿನವೇ ಅಳತೆಯ ಟೇಪು ಹಿಡಿದು ಬಂದು ಲೇಸರ್ ತನ್ನ ಬಾಗಿಲಲ್ಲಿ ತೂರುತ್ತದೋ ಇಲ್ಲವೋ ಎಂದು ಅಳೆದುಕೊಂಡು ಹೋದ. "ಸುಮ್ನೆ ಒಂದು ಅಂದಾಜಿಗೆ" ಎಂದು ಹಲ್ಲು ಬಿಟ್ಟ. ಅಂದಿನಿಂದ ಅವನಿಗೆ ಟೇಪಣ್ಣ ಎಂದೇ ಹೆಸರಾಯಿತು.

ಚುಕ್ಕಿ ಎರಡು ಹನಿ ಇಟ್ಟಳು. ಮೇಷ್ಟ್ರು ಬಂದರು. ಎರಡೂ ಹರಳುಗಟ್ಟಿದವು. ಮರುದಿನ ಹೊಸ ದ್ರಾವಣ ಮಾಡಿದಳು. ಆಗಲೂ ಎರಡೂ ಹರಳು. ಗಾಜು ಬದಲಾಯಿಸಿದಳು, ಮೇಜು ಒರೆಸಿದಳು, ಕೈಗೆ ಹೊಸ ಗ್ಲೌಸು ಹಾಕಿಕೊಂಡಳು. ಕತ್ತಲ ಹನಿ ಯಾವುದಕ್ಕೂ ಸೊಪ್ಪು ಹಾಕಲಿಲ್ಲ. ಬೆಳಕೇ ಕಾಣದ ಹನಿ ಇಷ್ಟು ಚೆನ್ನಾಗಿ ಹರಳಾಗುವುದಾದರೆ ಬೆಳಕಿಗೇನು ಕೆಲಸ? ಲೇಸರ್ ಹೋದರೆ ಹೋಗಲಿ, ತಾನು ಅಷ್ಟು ಜನರೆದುರು ಹೇಳಿದ್ದು ಸುಳ್ಳೇ ಎಂಬ ಯೋಚನೆ ಅವಳ ಊಟ ಕೆಡಿಸಿತು. "ಎಣ್ಣೆ ಸಾಲ್ತಿಲ್ಲ, ಅದಕ್ಕೇ ತಲೆ ಬಿಸಿಯಾಗಿದೆ" ಎಂದು ಅಮ್ಮ ಇನ್ನಷ್ಟು ಎಣ್ಣೆ ಸುರಿದಳು.

ಗುಟ್ಟು ಬಿಚ್ಚಿಕೊಂಡದ್ದು ಮೇಷ್ಟ್ರು ತಡವಾಗಿ ಬಂದ ದಿನ. ಎಂದೂ ತಡ ಮಾಡದವರು ಅಂದು ಹಲ್ಲುನೋವೆಂದು ಮಧ್ಯಾಹ್ನದವರೆಗೆ ಬರಲಿಲ್ಲ. ಲೇಸರ್ ಕೋಣೆಯಲ್ಲಿ ಒಬ್ಬರೇ ಇದ್ದಾಗ ಬೆಳಕು ಹಚ್ಚುವಂತಿಲ್ಲ ಎಂಬುದು ಅಲ್ಲಿಯ ನಿಯಮ. ಆದ್ದರಿಂದ ಚುಕ್ಕಿ ಹನಿಗಳನ್ನಿಟ್ಟು, ಗಲ್ಲಕ್ಕೆ ಕೈ ಕೊಟ್ಟು ಕಾಯುತ್ತ ಕೂತಳು. ಎರಡೂ ಹನಿ ಕನ್ನಡಿಯಂತೆ ತಿಳಿಯಾಗಿದ್ದವು. ಗಡ್ಡ ಒಳಗೆ ಬಂತು. ಚುಕ್ಕಿ ಎದ್ದು ನಿಂತು ಕುರ್ಚಿ ಬಿಟ್ಟುಕೊಟ್ಟಳು. ಮೇಷ್ಟ್ರು ಕೂತು, ಬಗ್ಗಿ, ಹಲ್ಲುನೋವಿನ ಕಥೆ ಹೇಳತೊಡಗಿದರು. ಕಥೆ ಮುಗಿಯುವುದರೊಳಗೆ, ಲೇಸರಿನ ಗುಂಡಿಯನ್ನು ಯಾರೂ ಮುಟ್ಟದೆಯೇ, ಎರಡೂ ಹನಿ ಬಿಳಿಚಿಕೊಂಡು ಹರಳಾದವು.

ಚುಕ್ಕಿಯ ಕಣ್ಣು ಹನಿಯಿಂದ ಮೆಲ್ಲಗೆ ಮೇಲೇರಿ, ಅದರ ಮೇಲೆ ತೂಗಾಡುತ್ತಿದ್ದ ಗಡ್ಡದ ತುದಿಯಲ್ಲಿ ನಿಂತಿತು. ಇಂಥ ದ್ರಾವಣಕ್ಕೆ ಹಳೆಯ ಹರಳಿನ ಕಣ್ಣಿಗೆ ಕಾಣದಷ್ಟು ಚೂರು ಬಿದ್ದರೂ ಸಾಕು; ಅದೇ ಬೀಜವಾಗಿ ಇಡೀ ಹನಿ ಹರಳಾಗುತ್ತದೆ. ವರ್ಷಗಟ್ಟಲೆ ಈ ಪುಡಿಯ ನಡುವೆ ಓಡಾಡಿದ ಗಡ್ಡ. ಅದರಲ್ಲಿ ಎಷ್ಟು ಬೀಜ ಕೂತಿದೆಯೋ ಏನೋ! ಕೈಗುಣವಂತೆ, ಕೈಗುಣ. ಇದು ಗಡ್ಡದ ಗುಣ.

ಕಂಡುಹಿಡಿದದ್ದೇನೋ ಸರಿ, ಹೇಳುವುದು ಹೇಗೆ? ಎರಡು ದಿನ ಅವಳು ಬಾಯಿ ತೆರೆದು ಮುಚ್ಚಿ ಮಾಡಿದಳು. ಕೊನೆಗೆ ಮೇಷ್ಟ್ರೇ ಕೇಳಿದರು.

"ಏನಮ್ಮ, ನನ್ನ ಮುಖದಲ್ಲಿ ಏನಾದ್ರೂ ಅಂಟಿದೆಯಾ?"

"ಅಂಟಿದೆ ಸಾರ್" ಎಂದು ಚುಕ್ಕಿ ಕಣ್ಣು ಮುಚ್ಚಿಕೊಂಡು ಎಲ್ಲವನ್ನೂ ಒದರಿಬಿಟ್ಟಳು.

ಮೇಷ್ಟ್ರು ಗಡ್ಡ ನೀವಲು ಎತ್ತಿದ ಕೈಯನ್ನು ಅರ್ಧಕ್ಕೇ ಇಳಿಸಿದರು. ಅವರ ಕೈಗುಣದ ಖ್ಯಾತಿ ಎಷ್ಟು ದೊಡ್ಡದೆಂದು ಚುಕ್ಕಿಗೆ ಗೊತ್ತಿತ್ತು. ಅವಳಿಗೆ ಅಳು ಬರುವಂತಾಯಿತು.

"ತೊಳೆದ್ರೆ?"

"ನೀರಿಗೆ ಜಗ್ಗೋ ಪುಡಿ ಅಲ್ವಲ್ಲ ಸಾರ್. ಅದನ್ನ ಕರಗಿಸೋ ದ್ರವ ಹಾಕಿದ್ರೆ ಗಡ್ಡದ ಜೊತೆ ಗದ್ದಾನೂ ಹೋಗುತ್ತೆ."

"ಒಂದು ಬಟ್ಟೆ ಚೀಲ ಹೊಲಿಸಿ ಅದರೊಳಗೆ ತುಂಬ್ಕೊಂಡ್ರೆ? ಕುದುರೆಗೆ ಹುರುಳಿ ಚೀಲ ಕಟ್ಟಿದ ಹಾಗೆ?"

ಚುಕ್ಕಿಗೆ ಆ ಚಿತ್ರ ಕಣ್ಣ ಮುಂದೆ ಬಂದು ನಗು ಒತ್ತರಿಸಿತು. ತುಟಿ ಕಚ್ಚಿ ತಡೆದುಕೊಂಡಳು. "ಸಾಲದು ಸಾರ್. ಒಂದೇ ಒಂದು ಕಣ ಉದುರಿದ್ರೂ ನಮ್ಮ ಕಥೆ ಮುಗೀತು. ಇರೋ ತನಕ ಅನುಮಾನ ಇದ್ದೇ ಇರುತ್ತೆ."

"ನಾನು ಬರದೇ ಇದ್ದುಬಿಟ್ರೆ?"

"ನೀವಿಲ್ದೆ ನಾನು ಬೆಳಕು ಹಚ್ಚೋ ಹಾಗಿಲ್ವಲ್ಲ. ಇರೋದೇ ನಾವಿಬ್ರು."

"ಸರಿ ಹಾಗಾದ್ರೆ" ಎಂದು ಮೇಷ್ಟ್ರು ನಿಟ್ಟುಸಿರಿಟ್ಟು ಎದ್ದರು. "ನಿಮ್ಮಣ್ಣನ ಅಂಗಡಿ ತೆಗೆದಿದೆಯಾ ನೋಡು."

ಚುಕ್ಕಿಯ ಅಣ್ಣನದು ಎರಡು ಬೀದಿ ಆಚೆ ಕ್ಷೌರದ ಅಂಗಡಿ. ಮೂರು ಕನ್ನಡಿ, ಎರಡು ಕುರ್ಚಿ, ಮಾತಿಗೆ ಮಿತಿಯಿಲ್ಲ. ಮೇಷ್ಟ್ರ ಗಡ್ಡದ ತುದಿಯ ಆ ಸುರುಳಿ ಅವನ ಕೈಚಳಕವೇ. ಬೀದಿಯಲ್ಲಿ ಮೇಷ್ಟ್ರು ನಡೆದರೆ ತನ್ನ ಅಂಗಡಿಯ ಬೋರ್ಡೇ ನಡೆದಂತೆ ಎಂದು ಅವನು ಕೊಚ್ಚಿಕೊಳ್ಳುತ್ತಿದ್ದ. ವಿಷಯ ಕೇಳಿ ಕತ್ತರಿಯನ್ನು ಟಪ್ಪೆಂದು ಮೇಜಿನ ಮೇಲಿಟ್ಟ.

"ನನ್ನ ಕೈಯಲ್ಲಿ ಆಗಲ್ಲ ಕಣೇ. ಎಷ್ಟು ವರ್ಷ ಸಾಕಿದೀನಿ ಇದನ್ನ! ನಿನ್ನ ಹರಳಿಗೆ ನನ್ನ ಗಡ್ಡಾನೇ ಬೇಕಿತ್ತಾ?"

"ಅದು ನನ್ನ ಗಡ್ಡ ಕಣಯ್ಯಾ" ಎಂದರು ಮೇಷ್ಟ್ರು, ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚುತ್ತ. "ತೆಗಿ. ಹುಡುಗಿ ಹೇಳಿದ್ದು ನಿಜಾನೋ ಸುಳ್ಳೋ ಗೊತ್ತಾಗ್ಬೇಕು."

ಅಣ್ಣ ಮೂಗು ಎಳೆದುಕೊಳ್ಳುತ್ತಲೇ ತೆಗೆದ. ಒಂದು ಎಳೆಯೂ ಕೆಳಗೆ ಬೀಳದಂತೆ ಕಾಗದದ ಪೊಟ್ಟಣದಲ್ಲಿ ಕಟ್ಟಿ, ಎರಡೂ ಕೈಯಲ್ಲಿ ಹಿಡಿದು ಅವರಿಗೆ ಒಪ್ಪಿಸಿದ. ಗಡ್ಡದ ಹಿಂದಿನಿಂದ ಹೊರಬಂದದ್ದು ಒಂದು ಪುಟ್ಟ, ದುಂಡನೆಯ, ಸ್ವಲ್ಪ ನಾಚಿಕೆಯ ಗದ್ದ. ಮರುದಿನ ಬೆಳಗ್ಗೆ ಗೇಟಿನ ಕಾವಲುಗಾರ ಆ ಗದ್ದವನ್ನು ಒಳಗೆ ಬಿಡಲಿಲ್ಲ. "ಮೇಷ್ಟ್ರು ಇನ್ನೂ ಬಂದಿಲ್ಲ, ಆಚೆ ಬೆಂಚಲ್ಲಿ ಕೂತಿರಿ" ಎಂದು ಮೇಷ್ಟ್ರಿಗೇ ಹೇಳಿದ.

ಅಂತೂ ಇಂತೂ ಅವರು ಒಳಗೆ ಬಂದರು. ಹೊಸ ಕೋಟು, ಹೊಸ ಗ್ಲೌಸು, ಬೋಳು ಗದ್ದ. ಚುಕ್ಕಿ ಎಂದಿನಂತೆ ಎದ್ದು, ಪಕ್ಕಕ್ಕೆ ಸರಿದು, ಕುರ್ಚಿ ಬಿಟ್ಟುಕೊಟ್ಟಳು. ಇಬ್ಬರೂ ಸೂಕ್ಷ್ಮದರ್ಶಕದ ಪರದೆಯ ಮೇಲೆ ಕತ್ತಲ ಹನಿಯನ್ನು ನೋಡತೊಡಗಿದರು. ಅದು ತಿಳಿಯಾಗಿತ್ತು. ತಿಳಿಯಾಗಿಯೇ ಇತ್ತು. ಆಮೇಲೆ ಅಂಚಿನಲ್ಲೊಂದು ಬಿಳಿ ಗೆರೆ ಎದ್ದು, ಕಣ್ಣು ಮಿಟುಕಿಸುವಷ್ಟರಲ್ಲಿ ಹನಿಯ ತುಂಬ ಹರಳು.

ಮೇಷ್ಟ್ರು ನಿಧಾನವಾಗಿ ಅವಳ ಕಡೆ ತಿರುಗಿದರು.

"ಗಡ್ಡ ಹೋಯ್ತು" ಎಂದರು. "ಹರಳು ಬಂತು."

ಮೇಷ್ಟ್ರು ಕೋಟಿನ ಜೇಬಿಗೆ ಕೈ ಹಾಕಿ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟರು. ಅವರಿಗೆ ಕೋಪ ಬರುವುದು ಅಪರೂಪ. ಬಂದಾಗಲೂ ಅದು ಮಕ್ಕಳ ಕೋಪದ ಹಾಗಿರುತ್ತಿತ್ತು.

"ನ್ಯಾಯ ಬೇಕು ನನಗೆ. ಇದರದ್ದೊಂದು ಎಳೆ ಹಾಕಿ ನೋಡು. ಇದು ತಪ್ಪು ಮಾಡಿದೆಯೋ ಇಲ್ಲವೋ ತೀರ್ಮಾನ ಆಗ್ಲಿ."

ಹೀಗೆ ಗಡ್ಡದ ವಿಚಾರಣೆ ಆರಂಭವಾಯಿತು. ಚುಕ್ಕಿ ಹೊಸ ಹನಿಗಳ ಸಾಲು ಹಾಕಿ ಒಂದೊಂದನ್ನೂ ಗಾಜಿನ ಬಟ್ಟಲಿನಿಂದ ಮುಚ್ಚಿದಳು. ಮೊದಲ ಬಟ್ಟಲೆತ್ತಿ ಚಿಮುಟದಿಂದ ಗಡ್ಡದ ಎಳೆಯೊಂದನ್ನು ಅದ್ದಿದಳು. ಕಾದರು. ಹನಿ ತಿಳಿಯಾಗಿಯೇ ಇತ್ತು. ಇನ್ನೊಂದು ಎಳೆ, ಇನ್ನೊಂದು ಹನಿ, ಆಗಲೂ ಏನಿಲ್ಲ. ಬೇರಿನ ಕಡೆಯದು, ತುದಿಯದು, ಅಣ್ಣನ ಪ್ರೀತಿಯ ಸುರುಳಿಯದು, ಒಂದೂ ಹನಿಯನ್ನು ಕದಲಿಸಲಿಲ್ಲ. ಗಡ್ಡ ಅಪ್ಪಟ ನಿರಪರಾಧಿ. ಯೋಚಿಸಿದರೆ ಅದು ಸಹಜವೇ ಆಗಿತ್ತು. ಮೇಷ್ಟ್ರು ಪುಡಿ ಮುಟ್ಟಿ ಎಷ್ಟೋ ಕಾಲವಾಗಿತ್ತು. ಅವರು ಬರುತ್ತಿದ್ದದ್ದು ಮಾತಾಡುವುದಕ್ಕೆ.

"ಹಾಗಾದ್ರೆ ಯಾರು?" ಎಂದರು ಮೇಷ್ಟ್ರು, ಈಗ ಪೂರ್ತಿ ಹುರುಪೇರಿ. "ನನ್ನ ಕೋಟಿನ ದಾರ ಹಾಕು. ಕುರ್ಚಿ ಮೇಲಿನ ಧೂಳು ಹಾಕು. ಯಾರನ್ನೂ ಬಿಡಬೇಡ."

ದಾರ ಹಾಕಿದಳು, ಧೂಳು ಹಾಕಿದಳು. ಏನೂ ಆಗಲಿಲ್ಲ. ಸಾಲಿನಲ್ಲಿ ಉಳಿದದ್ದು ಒಂದೇ ಹನಿ. ಅದರ ಬಟ್ಟಲೆತ್ತಲು ಚುಕ್ಕಿ ಬಗ್ಗಿದಾಗ ಜಡೆ ಹೆಗಲಿನಿಂದ ಜಾರಿ ಮುಂದಕ್ಕೆ ಬಿತ್ತು. ದಿನಾ ಬೀಳುವ ಹಾಗೆಯೇ. ಪುಡಿ ತೂಗುವಾಗ ತಕ್ಕಡಿಯ ಪಕ್ಕ ಬೀಳುತ್ತಿತ್ತು, ಸೀಸೆ ತೊಳೆಯುವಾಗ ಮೇಜಿನ ಮೇಲೆ ಎಳೆದಾಡುತ್ತಿತ್ತು. ಅವಳು ಅದನ್ನು ಎಂದಿನಂತೆ ಹಿಂದಕ್ಕೆ ಎಸೆಯಲು ಹೋಗಿ, ಕೈಯಲ್ಲಿ ಹಿಡಿದೇ ನಿಂತುಬಿಟ್ಟಳು.

ಜಡೆಯ ತುದಿಯ ಒಂದು ಎಳೆಯನ್ನು ಕಿತ್ತು ಹನಿಗೆ ಮುಟ್ಟಿಸಿದಳು.

ಕಾಯಬೇಕಾಗಲೇ ಇಲ್ಲ. ಎಳೆ ತಾಗಿದ ಕಡೆಯಿಂದ ಬಿಳುಪು ಧಡಧಡನೆ ಓಡಿ ಹನಿ ಕಲ್ಲಾಯಿತು.

ಭೂಮಿ ಬಾಯಿ ಬಿಡಬಾರದೇ ಎನಿಸಿತು ಅವಳಿಗೆ. ಒಂದೊಂದೇ ನೆನಪಿಗೆ ಬಂತು. ಅಮ್ಮನ ಎಣ್ಣೆಗೆ ಪುಡಿ ಅಂಟಿಕೊಳ್ಳುತ್ತಿತ್ತು. ಕೂತು ಕಾಯುವಾಗ ಜಡೆ ಬೆನ್ನ ಹಿಂದೆ ಸುಮ್ಮನಿರುತ್ತಿತ್ತು. ಮೇಷ್ಟ್ರು ಬಂದೊಡನೆ ಅವಳು ಮರ್ಯಾದೆಗೆಂದು ಎದ್ದು, ಕುರ್ಚಿ ಬಿಟ್ಟುಕೊಡಲು ಗಿರ್ರನೆ ತಿರುಗುತ್ತಿದ್ದಳು. ಆಗ ಜಡೆಯೂ ತಿರುಗಿ, ತೆರೆದಿಟ್ಟ ಹನಿಗಳ ಮೇಲೆ ಹಾದು ಹೋಗುತ್ತಿತ್ತು. ಮೇಷ್ಟ್ರು ಬಂದಾಗಲೆಲ್ಲ ಹರಳು ಬರುತ್ತಿದ್ದದ್ದು ಹಾಗೆ. ಕೈಗುಣವೂ ಅಲ್ಲ, ಗಡ್ಡದ ಗುಣವೂ ಅಲ್ಲ. ಎಲ್ಲರ ಮೇಲೂ ಗುಮಾನಿಪಟ್ಟ ಅವಳು ತನ್ನ ಬೆನ್ನ ಹಿಂದೆ ಮಾತ್ರ ತಿರುಗಿ ನೋಡಿರಲಿಲ್ಲ.

"ಸಾರ್..." ಎಂದಳು. ಜಡೆಯ ತುದಿಯನ್ನು ಮುಂದಕ್ಕೆ ಹಿಡಿದಳು.

ಮೇಷ್ಟ್ರು ಕಲ್ಲಾದ ಹನಿಯನ್ನು ನೋಡಿದರು, ಜಡೆಯನ್ನು ನೋಡಿದರು, ಪೊಟ್ಟಣವನ್ನು ನೋಡಿದರು. ಆಮೇಲೆ ಅವರಿಗೆ ನಗು ಹತ್ತಿತು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ನಗು ಇಳಿದ ಮೇಲೆ ಬಲು ಮೆತ್ತಗೆ ಹೇಳಿದರು.

"ಪರವಾಗಿಲ್ಲಮ್ಮ. ಜಡೆ ಸುತ್ತಿ ಒಂದು ಟೋಪಿ ಹಾಕ್ಕೋ. ಸಾಕು."

ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳೇನೋ. ಬಟ್ಟೆ ಚೀಲ ಸಾಲದು ಎಂದು ಅವರ ಗಡ್ಡಕ್ಕೆ ತೀರ್ಪು ಕೊಟ್ಟವಳು ತಾನು. ತನ್ನ ಜಡೆಗೆ ಮಾತ್ರ ಟೋಪಿ ಸಾಕೇ? ಆ ಬೋಳು ಗದ್ದವನ್ನು ದಿನಾ ಯಾವ ಮುಖ ಇಟ್ಟುಕೊಂಡು ನೋಡುವುದು?

ಸಂಜೆ ಅಣ್ಣನ ಅಂಗಡಿಯ ಕುರ್ಚಿಯಲ್ಲಿ ಚುಕ್ಕಿ ಕೂತಿದ್ದಳು. ಅಣ್ಣ ಕತ್ತರಿ ಹಿಡಿದು ಒಮ್ಮೆ ಜಡೆಯನ್ನೂ ಒಮ್ಮೆ ಬಾಗಿಲನ್ನೂ ನೋಡುತ್ತಿದ್ದ. ಬಾಗಿಲಲ್ಲಿ ಅಮ್ಮ ನಿಂತಿದ್ದಳು; ಸುದ್ದಿ ಮುಟ್ಟಿಸಿದವನು ಅವನೇ.

"ಇದನ್ನ ಕತ್ತರಿಸಿದ್ರೆ ನಿನ್ನ ಬೆಳಕಿಂದ ಹರಳು ಬರುತ್ತೇನೇ?" ಎಂದು ಅಮ್ಮ ಕೇಳಿದಳು.

"ಗೊತ್ತಿಲ್ಲಮ್ಮ."

"ಗೊತ್ತಿಲ್ದೇನೇ ಕತ್ತರಿಸ್ಕೋತಾರಾ ಯಾರಾದ್ರೂ?"

"ಮೇಷ್ಟ್ರು ಕತ್ತರಿಸ್ಕೊಂಡ್ರಲ್ಲಮ್ಮ. ನನ್ನ ಮಾತು ನಂಬಿ."

ಅಮ್ಮ ಒಳಗೆ ಬಂದಳು. ಜಡೆಯನ್ನು ಎತ್ತಿ, ತೂಕ ನೋಡುವವಳಂತೆ ಅಂಗೈಯಲ್ಲಿ ಇಟ್ಟುಕೊಂಡಳು. ಮಗಳು ಬಾಲವಾಡಿಗೆ ಹೋಗುವಾಗ ಇಲಿಬಾಲದಷ್ಟಿದ್ದ ಜಡೆ ಅದು. ಒಂದು ದಿನ ತಪ್ಪಿಸದೆ ಹೆಣೆದಿದ್ದಳು. ಜಗಳವಾಡಿದ ದಿನವೂ, ಮಾತು ಬಿಟ್ಟ ದಿನವೂ. ಅಣ್ಣ ಕತ್ತರಿ ಎತ್ತಿದ.

"ಕೊಡೋ ಇಲ್ಲಿ" ಎಂದಳು ಅಮ್ಮ. "ಇಷ್ಟು ದಿನ ಹೆಣೆದೋಳು ನಾನು. ಇದನ್ನೂ ನಾನೇ ಮಾಡ್ತೀನಿ."

ಮಾಡಿದಳು. ಆಮೇಲೆ ಅಭ್ಯಾಸಬಲದಿಂದ ಮಗಳ ಬೆನ್ನಿಗೊಂದು ಗುದ್ದು ಕೊಟ್ಟು "ಹೂಂ, ಹೊರಡು" ಅಂದಳು. ಅಂದವಳೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಉಳಿದ ಕೂದಲನ್ನು ಅಣ್ಣ ಕಿವಿಯ ಮೇಲಕ್ಕೆ, ಒಂದು ಎಳೆಯೂ ಆಚೆ ಈಚೆ ಹೋಗದಂತೆ ಒಪ್ಪ ಮಾಡಿದ.

ಮರುದಿನ ಕಾವಲುಗಾರ ಚುಕ್ಕಿಯನ್ನೂ ಬೆಂಚಿನ ಮೇಲೆ ಕೂರಿಸಿದ. ಅಲ್ಲಿಂದ ಬಿಡಿಸಿಕೊಂಡು ಒಳಗೆ ಬಂದು, ಹೊಸ ದ್ರಾವಣ ಮಾಡಿ, ಎರಡು ಹನಿ ಇಟ್ಟು ಕೂತಳು. ಮೇಷ್ಟ್ರು ಬಂದರು. ಕುರುಚಲು ಆಗಲೇ ಬೆಳ್ಳಗೆ ಚಿಗುರಿತ್ತು. ಬಾಗಿಲಲ್ಲಿ ಟೇಪಣ್ಣನೂ ನಿಂತಿದ್ದ, ಕೈಯಲ್ಲಿ ಟೇಪು.

"ಏಳಬೇಡ, ಕೂತ್ಕೋ, ಕೂತ್ಕೋ!" ಎಂದು ಮೇಷ್ಟ್ರು ಎರಡೂ ಕೈ ಮುಂದೆ ಚಾಚಿ ಕೂಗಿದರು.

"ಇಲ್ಲ ಸಾರ್, ಏಳ್ಲೇಬೇಕು. ಇಲ್ದಿದ್ರೆ ಗೊತ್ತಾಗೋದು ಹೇಗೆ?"

ಎದ್ದಳು. ಎಂದಿಗಿಂತ ಜೋರಾಗಿಯೇ ಗಿರ್ರನೆ ತಿರುಗಿ ಕುರ್ಚಿ ಬಿಟ್ಟುಕೊಟ್ಟಳು. ಬೆನ್ನ ಹಿಂದೆ ಏನೂ ತೂಗಲಿಲ್ಲ. ಮೇಷ್ಟ್ರು ಕೂತರು. ಹಲ್ಲುನೋವಿನ ಕಥೆಯನ್ನು ಮೊದಲಿನಿಂದ ಹೇಳಿದರು. ಅದು ಮುಗಿಯಿತು. ಹನಿಗಳೆರಡೂ ತಿಳಿಯಾಗಿದ್ದವು. ಅದಕ್ಕೂ ಹಿಂದಿನ ಹಲ್ಲಿನ ಕಥೆ ಹೇಳಿದರು. ಹನಿಗಳು ಮಿಸುಕಲಿಲ್ಲ.

"ಹೂಂ" ಎಂದರು ಮೇಷ್ಟ್ರು. "ಈಗ ಹಚ್ಚು."

ಚುಕ್ಕಿ ಗುಂಡಿ ಒತ್ತಿದಳು. ಬೆಳಕು ಕಣ್ಣಿಗೆ ಕಾಣುವಂಥದ್ದಲ್ಲ. ಪರದೆಯ ಮೇಲೆ ಹನಿಯ ನೆತ್ತಿಯಲ್ಲಿ ಒಂದು ಮಸುಕು ಚುಕ್ಕಿ ಮಾತ್ರ ಕಂಡಿತು. ಅವಳು ಮಸೂರದ ತಿರುಪು ತಿರುಗಿಸಿ ಅದನ್ನು ಸಣ್ಣದು ಮಾಡಿದಳು, ಇನ್ನೂ ಸಣ್ಣದು ಮಾಡಿದಳು. ಕಾದರು. ಏನೂ ಆಗಲಿಲ್ಲ. ಟೇಪಣ್ಣ ಬಾಗಿಲಿನ ಅಗಲಕ್ಕೆ ಟೇಪು ಎಳೆಯತೊಡಗಿದ. ಇಷ್ಟೆಲ್ಲ ಮಾಡಿಯೂ ಸುಳ್ಳೇ ಆಗಿಬಿಟ್ಟರೆ? ಗಡ್ಡ ಹೋಯಿತು, ಜಡೆ ಹೋಯಿತು, ಇನ್ನು ಕತ್ತರಿಸಲು ಉಳಿದದ್ದೇನೂ ಇರಲಿಲ್ಲ.

ಆಗ ಆ ಮಸುಕು ಚುಕ್ಕಿಯಲ್ಲಿ ಏನೋ ನಡುಗಿತು.

ಅಂಚಿನಲ್ಲಲ್ಲ, ಬೇರೆಲ್ಲೂ ಅಲ್ಲ. ಸರಿಯಾಗಿ ಬೆಳಕು ನಿಂತಲ್ಲಿಯೇ ಒಂದು ಸಣ್ಣ ಮೂಲೆ ಮೂಡಿತು. ಮೂಲೆಗೆ ಇನ್ನೊಂದು ಮೂಲೆ ಬಂತು. ನಡುವೆ ಗೆರೆ ಎಳೆದಂತೆ ನೇರ ಅಂಚು ಬೆಳೆಯಿತು. ಒಂಟಿ ಹರಳು, ಯಾವ ಅವಸರವೂ ಇಲ್ಲದೆ, ಅವಳ ಕಣ್ಣೆದುರೇ ಹುಟ್ಟಿತು. ಇಷ್ಟು ದಿನ ಅವಳು ನೋಡಿದ್ದು ಬೀಜ ತಾಗಿ ಕ್ಷಣದಲ್ಲಿ ಹಬ್ಬಿದ ಹರಳುಗಳನ್ನು. ಹುಟ್ಟುವುದನ್ನು ನೋಡಿದ್ದು ಇದೇ ಮೊದಲು. ಪಕ್ಕದಲ್ಲಿ ಕತ್ತಲ ಹನಿ ಕನ್ನಡಿಯಂತೆ ತಿಳಿಯಾಗಿ ಕೂತಿತ್ತು. ಬಾಗಿಲಲ್ಲಿ ಟೇಪು ಸರ್ರನೆ ಒಳಕ್ಕೆ ಸುತ್ತಿಕೊಂಡ ಸದ್ದಾಯಿತು.

ಖುಷಿಗೆ ಮೇಷ್ಟ್ರ ಕೈ ಗಡ್ಡ ನೀವಲು ಮೇಲೇರಿ ಬರಿಯ ಗಾಳಿಯನ್ನು ನೀವಿತು. ಚುಕ್ಕಿಯ ಕೈ ಜಡೆ ಎಸೆಯಲು ಹೆಗಲಿಗೆ ಹೋಗಿ ಖಾಲಿ ಬಂತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕರು. ನಗುತ್ತಲೇ ಚುಕ್ಕಿ ಅತ್ತಳು.

"ನನ್ನ ಕೈಗುಣ ಹೋಯ್ತಲ್ಲಮ್ಮ ಹಾಗಾದ್ರೆ" ಎಂದರು ಮೇಷ್ಟ್ರು.

"ಇಲ್ಲ ಸಾರ್. ನೀವು 'ಹಚ್ಚು' ಅಂದ ಮೇಲೆ ತಾನೇ ಬಂದಿದ್ದು."

ಅವಳು ಹೊರಗೆ ಬಂದು ಅಮ್ಮನಿಗೆ ಫೋನ್ ಮಾಡಿದಳು. "ಅಮ್ಮಾ, ಬಂತು."

ಆ ಕಡೆಯಿಂದ ಅಮ್ಮ "ಹೇಗಿದೆ?" ಎಂದು ಕೇಳಿದಳು.

"ಚಿಕ್ಕದು. ಚೆನ್ನಾಗಿದೆ. ಇನ್ನೂ ಬೆಳೀತಾ ಇದೆ."

"ಬೆಳೀಲಿ" ಎಂದಳು ಅಮ್ಮ. "ಎಣ್ಣೆ ಮಾತ್ರ ತಾಗಿಸ್ಬೇಡ ಅದಕ್ಕೆ."